ದಾರ ಕಟ್ಟಿದ ಪೆನ್ನು

ರಾಯಚೂರು ಗಂಜಿನ ಹಿಂದಿನ ಗೇಟಿಗೆ ಎದುರು
ಬೀಜದಂಗಡಿಯ ಮಾಳಿಗೆ ಮೇಲೆ ನಮ್ಮ ಆಫೀಸು.
ಕಿಟಕಿ ತೆರೆದರೆ ಹತ್ತಿಯ ಎಳೆ ಬಂದು ಕೀಬೋರ್ಡಿನ ಮೇಲೆ ಕೂಡುತ್ತದೆ,
ಮುಚ್ಚಿದರೆ ಮೂವರೂ ಬೇಯುತ್ತೇವೆ.
ಇವತ್ತು ಮುಚ್ಚಿದ್ದೇವೆ. ಮಾತು ಕೆಳಗೆ ಕೇಳಬಾರದು.

ವಿಷಯ ಇಷ್ಟೇ:
ಒಂದೇ ಲಾಟಿನ ಸಾಲನ್ನು ಇಬ್ಬರು ಒಟ್ಟಿಗೆ ತೆರೆದರೆ
ಇಷ್ಟು ದಿನ ಕೊನೆಗೆ ಬರೆದವರದೇ ಮಾತು.
ಹೋದ ಗುರುವಾರ ಒಂದನೇ ಕಾಟಾದ ಸಾಬಣ್ಣ ತೂಕ ತಿದ್ದಿದ,
ಎರಡನೇ ಕಾಟಾದ ಹುಡುಗಿ ದರ ತಿದ್ದಿದಳು.
ಅವಳದು ಉಳಿಯಿತು.
ಅವನ ನಲವತ್ತೆರಡು ಕಿಲೋ
ಯಾರಿಗೂ ಹೇಳದೆ ಎದ್ದು ಹೋಯಿತು.

"ಬೀಗ ಹಾಕಮು," ಅಂದ ಶಿವಶರಣ.
"ಮೊದಲು ಮುಟ್ಟಿದವರಿಗೆ ಸಾಲು. ಉಳಿದವರು ನಿಂದ್ರಲಿ."
ಅವನ ಕೋಡು ತಯಾರಿದೆ, ಬರೀ ಹನ್ನೊಂದು ಸಾಲು,
ಈಗಷ್ಟೇ ಇಸ್ತ್ರಿ ಮಾಡಿದ ಅಂಗಿಯ ಹಾಗೆ.

"ಎಷ್ಟೊತ್ತು ನಿಂದ್ರಬೇಕು?" ಅಂದೆ.
"ಸಾಲು ಹಿಡಿದವ ಹಂಗೇ ಬಿಟ್ಟು
ಮಂಡಾಳ ಒಗ್ಗರಣಿಗೆ ಹೋದರ? ಕರೆಂಟ್ ಹೋದರ?
ಊರ ಹೊರಗ ಕಲ್ಲಿದ್ದಲು ಸುಡ್ತಾರ, ನಮ್ಮ ಓಣ್ಯಾಗ ಕತ್ತಲ."

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ.
ತೀನ್ ಕಂದೀಲಿನ ಆಚೆ, ಒಂದು ಸಂದಿಯಲ್ಲಿ,
ಈ ಕಡೆಯಿಂದ ಟಂಟಂ, ಆ ಕಡೆಯಿಂದ ಮೂಟೆಯ ಬಂಡಿ.
ನೀ ಸರಿ ಅಂತಾನೆ ಇವನು, ನೀ ಸರಿ ಅಂತಾನೆ ಅವನು,
ಇಬ್ಬರ ಬೆನ್ನಿಗೂ ಊರೇ ನಿಂತಿದೆ.
ಹಿಂದಕ್ಕೆ ಅನ್ನುವ ಜಾಗವೇ ಇಲ್ಲ.

"ಹಂಗಾದರ ಸಿಸ್ಟಮ್ ಒಂದನ್ನ ಕೊಲ್ಲತದ."
"ಯಾವುದನ್ನ?"
"ಕಡಿಮಿ ಕೆಲಸ ಆದದ್ದನ್ನ.
ನಾಕುನೂರು ಅಂಡಿಗಿ ಬರದದ್ದು ಅಳಸೋಕಿಂತ
ಮೂರು ಅಂಡಿಗಿ ಅಳಸೋದು ಅಗ್ಗ ಅಲ್ಲೇನು?
ಎಲ್ಲಾ ಕಡಿ ಹಿಂಗೇ ಅದ."

ಲೆಕ್ಕ ತಪ್ಪಿಲ್ಲ. ಶಿವಶರಣ ಕೆಟ್ಟವನೂ ಅಲ್ಲ,
ನನ್ನ ಗಾಡಿ ಕೆಟ್ಟಾಗ ದೇವಸೂಗೂರಿನ ತನಕ ಬಂದವನು.
ಎಲ್ಲಾ ಕಡಿ ಹಿಂಗೇ ಅಂದನಲ್ಲ, ಅದೇ ನನಗೆ ಹೆದರಿಕೆ.
ಮೂರು ಅಂಡಿಗೆಯ ಅಂಬಮ್ಮನಿಗೆ
ಮತ್ತೆ ಪ್ರಯತ್ನಿಸಿ,
ಮತ್ತೆ ಪ್ರಯತ್ನಿಸಿ,
ಅಷ್ಟರಲ್ಲಿ ಕಾಟಾದ ಮೇಲೆ ಸಂಜೆ.

ಮೈನೋದ್ದೀನ್ ಚಾಚಾ ಅಲ್ಲಿಯವರೆಗೂ ಬಾಯಿ ಬಿಟ್ಟಿರಲಿಲ್ಲ.
ಮೂವತ್ತೊಂದು ವರ್ಷ ಗಂಜಿನಲ್ಲಿ ರಿಜಿಸ್ಟರ್ ಬರೆದವರು,
ಈಗ ನಮ್ಮ ತಪ್ಪು ಹುಡುಕುವ ಕೆಲಸ.
"ಒಂದೇ ರಿಜಿಸ್ಟರ್ ಇತ್ತವ್ವ," ಅಂದರು. "ಒಂದೇ ಪೆನ್ನು.
ಪೆನ್ನಿಗೆ ದಾರ, ದಾರ ಮೇಜಿನ ಕಾಲಿಗೆ.
ಬರಿಯೋನು ಎದ್ದು ಹೋಗಬಹುದಿತ್ತು,
ಪೆನ್ನು ಹೋಗ್ತಿರಲಿಲ್ಲ."

ಫ್ಯಾನಿನ ಸದ್ದು.
"ಅಂದ್ರ," ಶಿವಶರಣ ಮೆಲ್ಲಗೆ, "ಮನಷ್ಯಾ ಎದ್ದರ ಬೀಗ ತಾನೇ ಬಿಡಬೇಕು."

ನಾನು ಬಿಡಲಿಲ್ಲ. "ಚಾಚಾ, ಮೊದಲು ಯಾರದು ಬರೀತಿದ್ರಿ?
ಮೂರು ಅಂಡಿಗಿದೋ, ನಾಕುನೂರರದೋ?"
ಅವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು,
ಅಗತ್ಯಕ್ಕಿಂತ ಹೆಚ್ಚು ಹೊತ್ತು.
"ಬಹಳ ಸಲ ದೊಡ್ಡವರದು. ಸುಳ್ಳು ಯಾಕ ಹೇಳಲಿ.
ದಾರಕ್ಕ ಅದೆಲ್ಲ ಗೊತ್ತಾಗ್ತಿರಲಿಲ್ಲ."

ಕೊನೆಗೆ ಒಪ್ಪಿದ್ದು, ಅರೆಮನಸ್ಸಿನಿಂದ:
ಇಪ್ಪತ್ತು ಸೆಕೆಂಡಿಗೆ ಬೀಗ ಸಡಿಲ.
ಒಮ್ಮೆ ಸೋತ ಸಾಲಿಗೆ ಮುಂದಿನ ಸಲ ಮೊದಲ ಪಾಳಿ.
"ಹನ್ನೊಂದು ಸಾಲು ನಲವತ್ತಾತು," ಶಿವಶರಣನ ಗೊಣಗು.
"ನಲವತ್ತರಾಗ ಎಲ್ಲೆಲ್ಲಿ ಬಿರುಕು ಅವನೋ."
ಅದೂ ನಿಜ. ಹಾಗಾಗಿ ಸೋಮವಾರ ಒಂದೇ ಗೇಟಿನಲ್ಲಿ.

ಸೋಮವಾರ, ಹತ್ತೂ ಕಾಲು.
ಹಮಾಲರು ಅಂಡಿಗೆ ಇಳಿಸಿದರು. ಕಾಟಾ ಒಮ್ಮೆ ತೂಗಾಡಿ ನಿಂತಿತು.
ಪರದೆಯ ಮೇಲೆ ಹಳದಿ ಅಕ್ಷರ: ಕಾಯಿರಿ.
ನಾನು ಎಣಿಸುತ್ತಿದ್ದೇನೆ. ಹನ್ನೆರಡು. ಹದಿಮೂರು.
ಶಿವಶರಣ ಉಗುರು ಕಚ್ಚುತ್ತಾನೆ.
ಚಾಚಾನ ಕೈ ತಾನಾಗಿ
ಜೇಬಿಗೆ ಹೋಗುತ್ತದೆ,
ಪೆನ್ನು ಇದೆಯೋ ಇಲ್ಲವೋ ನೋಡಲು.